ಸಿಮೆಂಟ್ ಚೀಲದ ತೂಕದ ಕಾವಲುಗಾರ

ವಾಡಿ, ಸೇಡಂ, ಶಹಾಬಾದ್ ಕಡೆಯವರಿಗೆ 50 ಕಿಲೋ ಎಂದರೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಸಿಮೆಂಟ್ ಚೀಲ. ಆ ಚೀಲಕ್ಕೆ ನಾಲ್ಕು ಕಾಲು, ಒಂದು ಬಾಲ, ಬಾಯಿ ತುಂಬ 42 ಹಲ್ಲು ಬಂದು, ಅದು ಗೇಟಿನತ್ತ ಓಡಿತು ಎಂದುಕೊಳ್ಳಿ. ಟರ್ಕಿಯ ಕುರಿ ಕಾಯುವ ಕಂಗಾಲ್ ತಳಿಯ ಗಂಡುನಾಯಿ ಅಷ್ಟು ತೂಗುತ್ತದೆ, ಕೆಲವು 65 ಕಿಲೋ ಮುಟ್ಟುತ್ತವೆ. ಸೇಂಟ್ ಬರ್ನಾರ್ಡ್ ಒಂದೂವರೆ ಚೀಲ. ಬ್ರಿಟನ್ನಿನ ಜೋರ್ಬಾ ಎಂಬ ಮಾಸ್ಟಿಫ್ ಅಂತೂ 1989ರ ನವೆಂಬರ್‌ನಲ್ಲಿ ತಕ್ಕಡಿ ಏರಿದಾಗ 155.6 ಕಿಲೋ ಇತ್ತು! ಮೂರು ಚೀಲ ತುಂಬಿಯೂ ಐದೂವರೆ ಕಿಲೋ ಮಿಕ್ಕಿತು. ಮೂಗಿನಿಂದ ಬಾಲದ ತುದಿಯವರೆಗೆ ಅದರ ಉದ್ದ ಎಂಟೂಕಾಲು ಅಡಿ. ನಮ್ಮ ಸಾಧಾರಣ ಮಂಚದ ಮೇಲೆ ಅದನ್ನು ಉದ್ದಕ್ಕೆ ಮಲಗಿಸಿದರೆ ಎರಡು ಅಡಿ ನಾಯಿ ಹೊರಗೇ ಉಳಿಯುತ್ತದೆ.

ಇದು ತೂಕ, ಉದ್ದದ ಲೆಕ್ಕ. ಎತ್ತರದ ಮಾತು ಬೇರೆ. ಅಮೆರಿಕದ ಮಿಷಿಗನ್‌ನ ಜ್ಯೂಸ್ ಎಂಬ ಗ್ರೇಟ್ ಡೇನ್ 2011ರಲ್ಲಿ ಭುಜದವರೆಗೇ 111.8 ಸೆಂ.ಮೀ. ಇತ್ತು. ಅಡುಗೆಮನೆಯ ಕಟ್ಟೆ ಅದರ ಎದೆಯ ಮಟ್ಟಕ್ಕೆ. ಹಿಂಗಾಲ ಮೇಲೆ ನಿಂತರೆ 7 ಅಡಿ 4 ಅಂಗುಲ, ಅಂದರೆ ನಮ್ಮ ಹಳೆಯ ಮನೆಗಳ ಬಾಗಿಲ ಚೌಕಟ್ಟಿಗೆ ತಲೆ ತಗಲುವುದು ನಿಶ್ಚಯ.

ಬೆಳೆಯುವ ವೇಗ ನೋಡಿದರೆ ಮೈ ಜುಮ್ಮೆನ್ನುತ್ತದೆ. ಹುಟ್ಟಿದ ದಿನ ಗ್ರೇಟ್ ಡೇನ್ ಮರಿ ಸುಮಾರು 600 ಗ್ರಾಂ, ಅಂಗೈಯಲ್ಲಿ ಹಿಡಿಯಬಹುದು. ವರ್ಷ ತುಂಬುವಷ್ಟರಲ್ಲಿ ಅದು 60 ಕಿಲೋ ಹತ್ತಿರ ಬಂದಿರುತ್ತದೆ: ನೂರು ಪಟ್ಟು! ಮನುಷ್ಯರ ಕೂಸು ಅದೇ ವೇಗದಲ್ಲಿ ಬೆಳೆದರೆ, ಮೂರು ಕಿಲೋ ಹುಟ್ಟಿದ ಮಗು ಮೊದಲ ಹುಟ್ಟುಹಬ್ಬಕ್ಕೆ ಮೂರು ಕ್ವಿಂಟಾಲ್ ತೂಗುತ್ತಿತ್ತು. ತೊಟ್ಟಿಲು ಕಟ್ಟಲು ಮನೆಯ ತೊಲೆ ಸಾಲುತ್ತಿರಲಿಲ್ಲ. ಎಲುಬು ಇನ್ನೂ ಎಳೆಯದಿರುವಾಗಲೇ ಮೈಮೇಲೆ ಇಷ್ಟು ಭಾರ ಬೀಳುತ್ತದೆ. ನಮ್ಮ ಮನೆಗಳ ನುಣುಪು ಫರಸಿ ಬೇಸಿಗೆಯಲ್ಲಿ ನಾಯಿಯ ಹೊಟ್ಟೆಗೆ ತಂಪು, ಅದೇ ಫರಸಿ ಓಡಾಡುವ ಮರಿಯ ಕಾಲಿಗೆ ಜಾರುಬಂಡೆ. ಮರಿ ಇರುವಷ್ಟು ದಿನ ಒಂದು ದಪ್ಪ ಜಮಖಾನೆ ಹಾಸಲೇಬೇಕು.

ಒಂದು ಮರಿಯ ಕಥೆ ಇದಾದರೆ, 2004ರ ನವೆಂಬರ್ 29ರಂದು ಇಂಗ್ಲೆಂಡಿನಲ್ಲಿ ಟಿಯಾ ಎಂಬ ನಿಯಾಪಾಲಿಟನ್ ಮಾಸ್ಟಿಫ್ ಒಂದೇ ಸೂಲಿನಲ್ಲಿ 24 ಮರಿ ಹಾಕಿತು. ಆ ತಳಿಯ ಲೆಕ್ಕದಲ್ಲಿ ಪ್ರತಿ ಮರಿಯೂ ಬೆಳೆದು ಒಂದು ಚೀಲ ತೂಗಿದರೆ, ಒಂದು ತಾಯಿಯ ಹೊಟ್ಟೆಯಿಂದ 1,200 ಕಿಲೋ ನಾಯಿ!

ಈಗ ಊಟ. 60 ಕಿಲೋ ನಾಯಿಗೆ ದಿನಕ್ಕೆ ಸುಮಾರು 800 ಗ್ರಾಂ ಒಣ ಆಹಾರ ಬೇಕು. ವರ್ಷಕ್ಕೆ 292 ಕಿಲೋ, ಸುಮಾರು ಆರು ಸಿಮೆಂಟ್ ಚೀಲ. ಕಿಲೋಗೆ 400 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 1,16,800 ರೂಪಾಯಿ. ಎಂಟು ವರ್ಷಕ್ಕೆ 9,34,400 ರೂಪಾಯಿ, ತಟ್ಟೆಗೆ ಬಿದ್ದ ಆಹಾರ 2,336 ಕಿಲೋ. ಹತ್ತಿರ ಹತ್ತಿರ ಒಂದು ಸಣ್ಣ ಹೆಣ್ಣಾನೆಯಷ್ಟು! ನೀರು ತಂಪು ದಿನದಲ್ಲೇ ಮೂರು ಲೀಟರ್, ವರ್ಷಕ್ಕೆ 1,095 ಲೀಟರ್: ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಖಾಲಿಯಾಗಿ ಮತ್ತೂ ಕೇಳುತ್ತದೆ. ಜಂತುಹುಳದ ಮಾತ್ರೆ ಸಾಮಾನ್ಯವಾಗಿ 10 ಕಿಲೋಗೆ ಒಂದರಂತೆ. ಪಕ್ಕದ ಮನೆಯ ಪಗ್‌ಗೆ ಒಂದು ಸಾಕು, ನಿಮ್ಮ ನಾಯಿಗೆ ಒಂದೇ ಸಲಕ್ಕೆ ಆರು. ಮೂರು ತಿಂಗಳಿಗೊಮ್ಮೆ ಕೊಟ್ಟರೆ ವರ್ಷಕ್ಕೆ 24. ಅರಿವಳಿಕೆಯಿಂದ ಹಿಡಿದು ಪ್ರತಿಜೈವಿಕದವರೆಗೆ ಬಹುತೇಕ ಔಷಧಗಳ ಬಿಲ್ಲೂ ಹೀಗೆಯೇ ತಕ್ಕಡಿ ನೋಡಿ ಏರುತ್ತದೆ.

ಬಿಸಿಲಿನದು ಇನ್ನೂ ದೊಡ್ಡ ಲೆಕ್ಕ. ಈ ನಾಯಿಗಳಲ್ಲಿ ಹಲವು ಹುಟ್ಟಿದ್ದು ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ನೆಲದಲ್ಲಿ. ಚಿತ್ತಾಪುರದಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿ ಮಾಮೂಲು. ನಡುವಿನ ಅಂತರ 60 ಡಿಗ್ರಿಗೂ ಹೆಚ್ಚು! ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ತೇಕಬೇಕು. ಸುಮ್ಮನಿದ್ದಾಗ ನಿಮಿಷಕ್ಕೆ 30ರ ಒಳಗಿನ ಉಸಿರು ಆಗ 300ಕ್ಕೆ ಏರುತ್ತದೆ. ಗಂಟೆಗೆ 18,000. ಬೆಳಗಿನ 11ರಿಂದ ಸಂಜೆ 4ರವರೆಗೆ ಹಾಗೆಯೇ ತೇಕಿದರೆ 90,000 ಉಸಿರು. ದಟ್ಟ ಕೂದಲಿನ ಕಕೇಶಿಯನ್ ಶೆಫರ್ಡ್‌ನ್ನು ತಗಡಿನ ಚಪ್ಪರದ ಕೆಳಗೆ ಸರಪಳಿ ಹಾಕಿ ಕಟ್ಟುವುದು ಸಾಕುವುದಲ್ಲ, ಹಿಂಸೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ಇಷ್ಟು ದೊಡ್ಡ ಪ್ರಾಣಿ ಯಾರಿಗೆ ಬೇಕು? ತೋಳ, ಚಿರತೆ ಎದುರಿಸುವ ಕುರಿಗಾಹಿಗೆ. ನಮೀಬಿಯಾದಲ್ಲಿ 1994ರಿಂದ ಚೀತಾ ಸಂರಕ್ಷಣಾ ನಿಧಿ ರೈತರಿಗೆ ಕಂಗಾಲ್ ಮತ್ತು ಅನಟೋಲಿಯನ್ ನಾಯಿ ಕೊಡುತ್ತಿದೆ. ನಾಯಿ ಬಂದ ಹಿಂಡುಗಳಲ್ಲಿ ಜಾನುವಾರು ಹಾನಿ 80 ಪ್ರತಿಶತಕ್ಕೂ ಹೆಚ್ಚು ತಗ್ಗಿದೆ: ಹಿಂದೆ 10 ಕುರಿ ಹೋಗುತ್ತಿದ್ದ ಕಡೆ ಈಗ ಎರಡೂ ಹೋಗುವುದಿಲ್ಲ. ಕುರಿ ಉಳಿದದ್ದರಿಂದ ಚೀತಾಕ್ಕೆ ಗುಂಡು ಹೊಡೆಯುವುದೂ ಕಡಿಮೆಯಾಯಿತು. ಅದೇ ನಮೀಬಿಯಾದ ಎಂಟು ಚೀತಾಗಳು 2022ರ ಸೆಪ್ಟೆಂಬರ್ 17ರಂದು ನಮ್ಮ ಕುನೋ ಕಾಡಿಗೆ ಬಂದಿಳಿದವು. ನಮ್ಮ ಚಿಂಚೋಳಿಯಲ್ಲೂ ಸುಮಾರು 135 ಚದರ ಕಿ.ಮೀ. ವನ್ಯಧಾಮವಿದೆ, ತೋಳ, ಕತ್ತೆಕಿರುಬ ಇವೆ. ಅಲ್ಲಿನ ಕುರಿಹಟ್ಟಿಯ ಸುತ್ತ ರಾತ್ರಿಯಿಡೀ ಬೊಗಳುವುದು ಅರ್ಧ ಚೀಲವೂ ತೂಗದ ಊರ ನಾಯಿ, ಊಟ ಜೋಳದ ರೊಟ್ಟಿ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ 20ರಿಂದ 28 ಕಿಲೋ ಅಷ್ಟೇ. ಗಾತ್ರ ಚಿಕ್ಕದಾದರೇನು, ಮೂಗಿನ ವಿಷಯದಲ್ಲಂತೂ ನಾಯಿ ಜಾತಿಗೇ ಶರಣು: ವಾಸನೆ ಹಿಡಿಯುವ ಗ್ರಾಹಕಕೋಶಗಳು ನಮಗೆ 50–60 ಲಕ್ಷ, ನಾಯಿಗೆ 22 ಕೋಟಿಗೂ ಹೆಚ್ಚು. 2011ರ ಜನಗಣತಿಯಂತೆ ಕರ್ನಾಟಕದ ಜನ 6.11 ಕೋಟಿ. ಮೂರೂವರೆ ಕರ್ನಾಟಕ ಒಂದು ಮೂಗಿನೊಳಗೆ!

ಸರ್ಕಾರಕ್ಕೂ ಇಂಥ ಕೆಲವು ತಳಿಗಳು ತಲೆನೋವು ತಂದಿವೆ. ಕಂಗಾಲ್, ಕಕೇಶಿಯನ್ ಸೇರಿ 23 ತಳಿಗಳ ಮಾರಾಟ, ಸಾಕಣೆ ತಡೆಯಲು ಕೇಂದ್ರ 2024ರ ಮಾರ್ಚ್ 12ರಂದು ಸುತ್ತೋಲೆ ಹೊರಡಿಸಿತು. ಏಪ್ರಿಲ್ 10ಕ್ಕೆ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. 29 ದಿನ!

ಈ ದೊಡ್ಡ ಅಂಕಿಗಳ ನಡುವೆ ಎದೆ ಹಿಂಡುವ ಸಣ್ಣ ಅಂಕಿ ಒಂದಿದೆ: ಎಂಟು. ಗ್ರೇಟ್ ಡೇನ್ ಬದುಕುವುದು ಬಹಳ ಮಟ್ಟಿಗೆ ಏಳರಿಂದ ಹತ್ತು ವರ್ಷ. ದಾಖಲೆಯ ಜ್ಯೂಸ್ ಐದಕ್ಕೇ ಹೋಯಿತು. ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ರೋಗ 100 ಗ್ರೇಟ್ ಡೇನ್‌ಗಳಲ್ಲಿ ಸುಮಾರು 40ಕ್ಕೆ ಜೀವಮಾನದಲ್ಲಿ ಒಮ್ಮೆ ಬಡಿಯುತ್ತದೆ ಎಂಬ ಅಂದಾಜಿದೆ. ಬಡಿದರೆ ಕೈಯಲ್ಲಿರುವುದು ಕೆಲವೇ ಗಂಟೆ. ಸೇಡಂನಿಂದ ಬೀದರ್‌ನ ಪಶುವೈದ್ಯಕೀಯ ಕಾಲೇಜು ನೂರು ಕಿ.ಮೀ. ಆಸುಪಾಸು.

ಆಯುಷ್ಯ ಚಿಕ್ಕದಾದರೂ ನೆನಪು ಎಷ್ಟು ಉದ್ದವಾಗಬಹುದೆಂಬುದಕ್ಕೆ ಸೇಡಂ ತಾಲ್ಲೂಕಿನ ಮಳಖೇಡವೇ ಸಾಕ್ಷಿ. ಕಾಗಿಣಾ ದಡದ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇಲ್ಲಿಂದ ಮೂರನೆಯ ಕೃಷ್ಣ ಆಳುತ್ತಿದ್ದಾಗ, ಸುಮಾರು 500 ಕಿ.ಮೀ. ದಕ್ಷಿಣದ ಆತಕೂರಿನಲ್ಲಿ ಕ್ರಿ.ಶ. 949–50ರ ಶಾಸನವೊಂದು ನಿಂತಿತು. ಅದರ ಪ್ರಕಾರ ಗಂಗ ದೊರೆ ಬೂತುಗನ ವೀರ ಮಣಲೆರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು. ಆ ಹೋರಾಟದ ಚಿತ್ರವಿರುವ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 1,075 ವರ್ಷ ದಾಟಿದೆ. ಎಂಟೆಂಟು ವರ್ಷ ಬದುಕುವ 135 ನಾಯಿಗಳನ್ನು ಒಂದರ ಬೆನ್ನಿಗೊಂದು ನಿಲ್ಲಿಸಿದರೆ ಮಾತ್ರ ಕಾಳಿಯ ಕಾಲ ಮುಟ್ಟಬಹುದು!

ಇಂಥ ಮರಿ ತರುವ ಆಸೆ ನಿಮಗೆ ಬಂದಿದ್ದರೆ ಮೊದಲು ಅದರ ತಂದೆ–ತಾಯಿಯನ್ನು ಕಣ್ಣಾರೆ ನೋಡಿ, ತೂಕ ಕೇಳಿ. ಆಮೇಲೆ ನಿಮ್ಮೂರಿನ ಪಶುವೈದ್ಯರ ಬಳಿ ಹೋಗಿ, ನಡುರಾತ್ರಿ 60 ಕಿಲೋ ನಾಯಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಎಲ್ಲಿ ಆಗುತ್ತದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ದಯವಿಟ್ಟು ಮರಿ ತರಬೇಡಿ.