ನಲವತ್ತು ಚೌಕ, ನಲವತ್ತಾರು ದಿನ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ವಿದ್ಯಾನಗರದ ಒಂದು ಶಾಲೆಯ ಎಂಟನೇ ತರಗತಿ. 2024ರ ಫೆಬ್ರವರಿ ಮೂರನೇ ವಾರ ಬಿಸಿಯೂಟದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ವಾರಕ್ಕೆ ಎರಡು ದಿನ ಮೊಟ್ಟೆ. ಬೇಡವೆಂದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ಪಟ್ಟಿಯಲ್ಲಿ ಮೊಟ್ಟೆಯ ಕಡೆ ಹೆಸರಿದ್ದ ಒಬ್ಬ ಹುಡುಗಿ ಅಂದು ಬಾಳೆಹಣ್ಣು ಕೇಳಿದಳು. “ಏನಮ್ಮ, ಇದ್ದಕ್ಕಿದ್ದಂತೆ ಸನ್ಯಾಸ ತಗೊಂಡ್ಯಾ?” ಅಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳು ಹಣ್ಣನ್ನೂ ಮುಟ್ಟದೆ ತಟ್ಟೆ ಹಿಡಿದು ಹೊರಟುಹೋದಳು. ಪಕ್ಕದ ಹುಡುಗ ಮೆಲ್ಲಗೆ, “ಅವರಿಗೆ ಲೆಂಟ್ ಸರ್” ಅಂದ.

ವೈವಿಧ್ಯವನ್ನು ಗೌರವಿಸುವ ತರಗತಿಯ ಬಗ್ಗೆ ಹಿಂದಿನ ಸೆಮಿಸ್ಟರ್‌ನಲ್ಲಿ ನಾನು ಆರು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಲೆಂಟ್ ಎಂದರೇನೆಂದು ಮಾತ್ರ ಗೊತ್ತಿರಲಿಲ್ಲ. ಶುಭ ಶುಕ್ರವಾರ ರಜೆ ಎಂಬುದಷ್ಟೇ ನನ್ನ ಪೂರ್ವಜ್ಞಾನ.

ಮರುದಿನ ತರಗತಿಯ ಎದುರೇ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ. ಸಂಜೆ ಗೇಟಿನ ಬಳಿ ಅವಳ ಅಜ್ಜಿ ಸಿಕ್ಕರು. ಬೈಯಬಹುದು ಅಂದುಕೊಂಡೆ. “ಶುಕ್ರವಾರ ನಮ್ಮನೇಲೇ ಪ್ರಾರ್ಥನೆ ಇದೆ, ಬನ್ನಿ ಮೇಷ್ಟ್ರೇ” ಅಂದರು. ಗಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ನಿವೃತ್ತಿಯ ನಂತರ ಮಗನ ಜೊತೆ ವಿದ್ಯಾನಗರಕ್ಕೆ ಬಂದು ನೆಲೆಸಿದ ಕುಟುಂಬ. ಹೀಗೆ ನಾನು ನಾಲ್ಕೈದು ವಾರ ಆ ಸಭೆಯ ಬೆನ್ನು ಹಿಡಿದೆ.

ಅವರದು ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆ. ಇದು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿತು. ಆಂಗ್ಲಿಕನ್ನರು, ಮೆಥೋಡಿಸ್ಟರು ಮತ್ತು 1908ರಲ್ಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಆದದ್ದು. ಹಳೇ ಮೈಸೂರು ಸೀಮೆಯಲ್ಲಿ ಹಿಂದೆ ಕೆಲಸ ಮಾಡಿದವರಲ್ಲಿ ವೆಸ್ಲಿಯನ್ ಮಿಷನ್, ಅಂದರೆ ಮೆಥೋಡಿಸ್ಟರು, ಪ್ರಮುಖರು. ಆದರೂ ಪ್ರೆಸ್ಬಿಟೇರಿಯನ್ ಗುರುತು ಇಲ್ಲಿ ಅಳಿಸಿಲ್ಲ. ಸಭಾಪಾಲಕರ ಪದನಾಮವೇ ‘ಪ್ರೆಸ್ಬಿಟರ್’. ಗ್ರೀಕ್ ಮೂಲದ ಈ ಪದಕ್ಕೆ ‘ಹಿರಿಯ’ ಎಂದರ್ಥ. ಸಭೆಯ ಹಣ, ಕಟ್ಟಡ, ಕಾರ್ಯಕ್ರಮಗಳನ್ನು ಸದಸ್ಯರಿಂದ ಆಯ್ಕೆಯಾದ ಸಮಿತಿ ನೋಡಿಕೊಳ್ಳುತ್ತದೆ. ಅಜ್ಜಿಯೂ ಒಂದು ಅವಧಿಗೆ ಅದರಲ್ಲಿದ್ದರಂತೆ.

ಸಭಾಪಾಲಕರು ಹೇಳಿದ ಒಂದು ಮಾತು ನನಗೆ ಸೋಜಿಗ ತಂದಿತು. ಹಳೆಯ ಪ್ರೆಸ್ಬಿಟೇರಿಯನ್ನರು ಲೆಂಟನ್ನೇ ಆಚರಿಸುತ್ತಿರಲಿಲ್ಲ! 1645ರ ವೆಸ್ಟ್‌ಮಿನ್‌ಸ್ಟರ್ ಆರಾಧನಾ ಕ್ರಮದಲ್ಲಿ, ಭಾನುವಾರ ಒಂದನ್ನು ಬಿಟ್ಟರೆ ಬೇರೆ ಯಾವ ಹಬ್ಬದ ದಿನಕ್ಕೂ ವೇದದ ಆಧಾರವಿಲ್ಲ ಎಂದಿತ್ತು. ಅದಕ್ಕೂ ಮೊದಲು, 1522ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಲೆಂಟ್ ದಿನಗಳಲ್ಲೇ ಮಾಂಸದ ಸಾಸೇಜ್ ತಿಂದು ದೊಡ್ಡ ಗಲಾಟೆಯಾಗಿತ್ತು. ಬಲವಂತದ ಉಪವಾಸ ಬೇಡ, ಮನಸ್ಸಿದ್ದವರು ಮಾಡಲಿ ಎಂಬುದು ಅವರ ವಾದ. ಈ ಸಭೆಯಲ್ಲಿ ನಾನು ಕಂಡದ್ದೂ ಹಾಗೆಯೇ. ಹೀಗೇ ಇರಬೇಕೆಂದು ಯಾರೂ ಯಾರಿಗೂ ಹೇಳುವುದಿಲ್ಲ. ಒಬ್ಬರು ಮಧ್ಯಾಹ್ನದವರೆಗೆ ಉಪವಾಸ, ಇನ್ನೊಬ್ಬರಿಗೆ ಮಾಂಸ ಬೇಡ, ಕಾಲೇಜು ಹುಡುಗನೊಬ್ಬ ಮೊಬೈಲ್ ಆಟ ಬಿಟ್ಟಿದ್ದ. ನಮ್ಮ ಹುಡುಗಿ ಬಿಟ್ಟಿದ್ದು ಮೊಟ್ಟೆ. ಅದು ಅವಳೇ ಮಾಡಿದ ತೀರ್ಮಾನ. ನಾನು ಗೇಲಿ ಮಾಡಿದ್ದು ಅದನ್ನು.

ಅವರ ವಾರ ಹೀಗಿರುತ್ತದೆ. ಭಾನುವಾರ ಬೆಳಿಗ್ಗೆ ತುಂಗಾ ಸೇತುವೆ ದಾಟಿ ಆರಾಧನೆಗೆ ಹೋಗುತ್ತಾರೆ. ಬಲಿಪೀಠದ ಮೇಲೆ ನೇರಳೆ ಬಟ್ಟೆ, ಹೂವಿನ ಅಲಂಕಾರ ಕಡಿಮೆ, ಮದುವೆಗಳಿಲ್ಲ. ವಾರದ ನಡುವೆ ಸ್ತ್ರೀ ಅನ್ಯೋನ್ಯಕೂಟದವರು ಕಾಯಿಲೆಯಲ್ಲಿರುವವರ ಮನೆಗೆ ಹೋಗಿಬರುತ್ತಾರೆ. ಶನಿವಾರ ಗಾಯಕವೃಂದದ ಅಭ್ಯಾಸ. ಆದರೆ ಈ ಕಾಲದ ಜೀವ ಇರುವುದು ಶುಕ್ರವಾರದ ಗೃಹ ಪ್ರಾರ್ಥನೆಯಲ್ಲಿ.

ನಾನು ಹೋದ ಸಂಜೆ ಆ ಪುಟ್ಟ ಹಾಲ್‌ನಲ್ಲಿ ಇಪ್ಪತ್ತು ಜನರಿದ್ದರು. ಮಂಚವನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಒಂದು ಹಾಡು, ವೇದಪಾಠ, ಹತ್ತು ನಿಮಿಷದ ಪ್ರಸಂಗ, ಆಮೇಲೆ ಯಾರಿಗೆ ಯಾವ ಭಾರವಿದೆಯೋ ಅದನ್ನು ಹೇಳುವುದು. ಒಬ್ಬರ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಇನ್ನೊಬ್ಬರಿಗೆ ಕೆಲಸ ಹೋಗಿತ್ತು. ಪ್ರತಿಯೊಂದಕ್ಕೂ ಪ್ರಾರ್ಥನೆ. ಅದು ಮುಗಿದ ಮೇಲೆ ಕೆಲಸ ಹೋದವರನ್ನು ಇಬ್ಬರು ಮೂಲೆಗೆ ಕರೆದು ಮಾತಾಡಿಸಿದ್ದನ್ನೂ ನೋಡಿದೆ. ಕೊನೆಗೆ ಬರೀ ಕಾಫಿ. ಲೆಂಟ್‌ನಲ್ಲಿ ಆತಿಥೇಯರು ತಿಂಡಿ ಮಾಡುವುದಿಲ್ಲ. ತಿಂಡಿಯ ದುಡ್ಡು ಮೇಜಿನ ಮೇಲಿನ ರಟ್ಟಿನ ಡಬ್ಬಿಗೆ. ಈಸ್ಟರ್ ದಿನ ಎಲ್ಲ ಮನೆಗಳ ಡಬ್ಬಿಗಳನ್ನೂ ಒಡೆದು ಕಾಣಿಕೆಯಾಗಿ ಕೊಡುತ್ತಾರೆ.

ಆ ಡಬ್ಬಿಯ ಪಕ್ಕ ಹುಡುಗಿಯ ಸಂಡೇ ಸ್ಕೂಲ್ ಕಾರ್ಡ್ ಇತ್ತು. ನಲವತ್ತು ಚೌಕ, ದಿನಕ್ಕೊಂದರಂತೆ ಬಣ್ಣ ತುಂಬಬೇಕು. ಯೇಸು ಅರಣ್ಯದಲ್ಲಿ ಉಪವಾಸವಿದ್ದ ನಲವತ್ತು ದಿನಗಳ ನೆನಪು. ನನ್ನ ವಿಮರ್ಶಾ ಪಾಠ ಮಾರ್ಚ್ ಮೊದಲ ವಾರಕ್ಕಿತ್ತು, ವಿಷಯ ಚಂದ್ರನ ಕಲೆಗಳು. ಗ್ಲೋಬು, ಟಾರ್ಚು, ಚೆಂಡು ಎಂದು ಬರೆದಿದ್ದ ಪಾಠಯೋಜನೆಗೆ ಈ ಕಾರ್ಡನ್ನೂ ಸೇರಿಸಿಕೊಳ್ಳಲೇ ಎಂದು ಅವಳನ್ನೇ ಕೇಳಿದೆ. ಸ್ವಲ್ಪ ಯೋಚಿಸಿ ಹೂಂ ಅಂದಳು.

ಪಾಠದ ದಿನ ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು. ಗೋಡೆಯಲ್ಲಿ ಕ್ಯಾಲೆಂಡರ್. ಬೂದಿ ಬುಧವಾರ ಫೆಬ್ರವರಿ 14ಕ್ಕೆ, ಈಸ್ಟರ್ ಮಾರ್ಚ್ 31ಕ್ಕೆ. ಅದರ ಹಿಂದಿನ ದಿನದವರೆಗೆ ಎಣಿಸಿ ಅಂದೆ. ಮಕ್ಕಳು ನಲವತ್ತೈದು ಅಂದರು. ಒಬ್ಬ ಎದ್ದು, “ಸರ್, ಈ ವರ್ಷ ಫೆಬ್ರವರಿ 29 ಇತ್ತು” ಅಂದ. ಸರಿ, ನಲವತ್ತಾರು. ಆದರೆ ಕಾರ್ಡಿನಲ್ಲಿ ನಲವತ್ತೇ ಚೌಕ! ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ಎಣಿಸಿಯೇ ನೋಡಿರಲಿಲ್ಲ. ಸೀಮೆಸುಣ್ಣ ಹಿಡಿದು ನಿಂತೆ. ಆಗ ಆ ಹುಡುಗಿ ಕೈ ಎತ್ತಿದಳು. “ಭಾನುವಾರ ಲೆಕ್ಕಕ್ಕಿಲ್ಲ ಸರ್. ಭಾನುವಾರ ನಾನು ಮೊಟ್ಟೆ ತಿಂತೀನಿ.” ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ. ಫೆಬ್ರವರಿ 18ರಿಂದ ಮಾರ್ಚ್ 24ರವರೆಗೆ ಆರು ಭಾನುವಾರ. ನಲವತ್ತಾರರಲ್ಲಿ ಆರು ಹೋದರೆ ನಲವತ್ತು. ಈ ಸಲವೂ ತರಗತಿ ನಕ್ಕಿತು, ಆದರೆ ಅವಳ ಜೊತೆ.

ಅಲ್ಲಿಂದ ಚಂದ್ರನಿಗೆ ಬರುವುದು ಸುಲಭವಾಯಿತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಈಸ್ಟರ್. (ಸಭೆಗಳು ಈ ಹುಣ್ಣಿಮೆಯನ್ನು ಆಕಾಶ ನೋಡಿ ಅಲ್ಲ, ಹಳೆಯ ಕೋಷ್ಟಕದಿಂದ ತೆಗೆಯುತ್ತವೆ, ಒಂದು ದಿನದ ವ್ಯತ್ಯಾಸ ಬರಬಹುದು.) 2024ರಲ್ಲಿ ಅದು ಮಾರ್ಚ್ 25ರ ಹೋಳಿ ಹುಣ್ಣಿಮೆ. ಅದಕ್ಕೇ ಶುಭ ಶುಕ್ರವಾರ 29ಕ್ಕೆ ಬಿತ್ತು.

ಇನ್ನೊಬ್ಬ ಬಿಡಲಿಲ್ಲ. “ಹೋದ ವರ್ಷ ಯುಗಾದಿ ಆದಮೇಲೆ ಬಂದಿತ್ತಲ್ಲ ಸರ್, ಈ ವರ್ಷ ಯಾಕೆ ಮೊದಲೇ?” ನಿಜ. 2023ರ ಯುಗಾದಿ ಮಾರ್ಚ್ 22, ಈಸ್ಟರ್ ಏಪ್ರಿಲ್ 9. 2024ರಲ್ಲಿ ಈಸ್ಟರ್ ಮಾರ್ಚ್ 31, ಯುಗಾದಿಯೇ ಏಪ್ರಿಲ್ 9! ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ, ಹನ್ನೆರಡು ಸಲಕ್ಕೆ 354. ವರ್ಷಕ್ಕೆ ಹನ್ನೊಂದು ದಿನ ಕೊರತೆ. ನಮ್ಮ ಪಂಚಾಂಗ ಅದನ್ನು ಅಧಿಕ ಮಾಸದಿಂದ ತುಂಬಿಸುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಮುಂದಿನ ಯುಗಾದಿ ತಡವಾಯಿತು. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆಯೇ ಓಡಾಡಬೇಕು. ಚಂದ್ರ ಒಬ್ಬನೇ, ಅವನನ್ನು ಸೂರ್ಯನ ವರ್ಷಕ್ಕೆ ಹೊಂದಿಸುವ ಗಂಟುಗಳು ಬೇರೆ ಬೇರೆ. ಟಾರ್ಚು ಹೊರತೆಗೆಯುವಷ್ಟರಲ್ಲಿ ಗಂಟೆ ಹೊಡೆಯಿತು. ‘ಸಮಯ ಪಾಲನೆ’ಯಲ್ಲಿ ನನಗೆ ಅಂಕ ಕಡಿಮೆ ಬಂತು, ಅದು ನ್ಯಾಯವೇ.

ಶುಭ ಶುಕ್ರವಾರದ ಹೊತ್ತಿಗೆ ನನ್ನ ಬೋಧನಾಭ್ಯಾಸ ಮುಗಿದಿತ್ತು. ಆದರೂ ಹೋದೆ. ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ, ಒಂದೊಂದು ಮಾತಿಗೆ ಒಬ್ಬೊಬ್ಬರ ಪ್ರಸಂಗ. ಹೆಚ್ಚಿನ ಹೆಂಗಸರು ಬಿಳಿ ಸೀರೆಯಲ್ಲಿದ್ದರು. ಐದನೆಯದು, ‘ನನಗೆ ನೀರಡಿಕೆಯಾಗಿದೆ’ ಎಂಬ ಮಾತು, ಅಜ್ಜಿಯ ಪಾಲಿಗೆ ಬಂದಿತ್ತು. ಮಾರ್ಚ್ ಕೊನೆಯ ಬಿಸಿಲು, ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಅವರು ನೀರಿನ ಬಗ್ಗೆಯೇ ಮಾತಾಡಿದರು, ಬೀದಿ ನಲ್ಲಿಯ ಬಗ್ಗೆ, ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡುವ ಬಗ್ಗೆ. ಮುಗಿದ ಮೇಲೆ ಅಂಗಳದಲ್ಲಿ ಗಂಜಿ, ಉಪ್ಪಿನಕಾಯಿ. ಬಡಿಸುತ್ತಿದ್ದವಳು ನನ್ನ ವಿದ್ಯಾರ್ಥಿನಿ. ನನ್ನ ತಟ್ಟೆ ನೋಡಿ, “ಇನ್ನೂ ಬೇಕಾ ಸರ್, ಅಥವಾ ನೀವೂ ಸನ್ಯಾಸ ತಗೊಂಡ್ರಾ?” ಅಂದಳು.

ಇನ್ನೊಂದು ಸೌಟು ಹಾಕಿಸಿಕೊಂಡೆ.