ಬೆವರಿದ ಮೈಯೂ ಮದ್ದಿನ ಪಟ್ಟಿಯೂ

ಔಷಧವನ್ನು ನುಂಗುವುದು, ಕುಡಿಯುವುದು, ಸೂಜಿಯಿಂದ ಚುಚ್ಚಿಸಿಕೊಳ್ಳುವುದು—ಈ ಮೂರು ದಾರಿಗಳು ನಮಗೆಲ್ಲ ಪರಿಚಿತವಾದುವು. ನಾಲ್ಕನೆಯ ದಾರಿಯೊಂದುಂಟು. ಚರ್ಮದ ಮೇಲೆ ಅಂಟಿಸಿದ ಸಣ್ಣ ಪಟ್ಟಿಯೊಂದರಿಂದ ಔಷಧವು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಒಳಗಿಳಿದು ರಕ್ತವನ್ನು ಸೇರುವುದು. ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ಹೋಲುವ ಈ ವಸ್ತುವನ್ನು ಮದ್ದಿನ ಪಟ್ಟಿ ಎಂದು ಕರೆಯೋಣ. ಪ್ರಯಾಣದ ವಾಂತಿಯನ್ನು ತಡೆಯಲು ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೀನ್ ಪಟ್ಟಿಗೆ ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ದೊರೆಯಿತು. ಆ ಬಳಿಕ ಎದೆನೋವಿಗೆ ನೈಟ್ರೊಗ್ಲಿಸರಿನ್, ತಂಬಾಕಿನ ಚಟವನ್ನು ಬಿಡಿಸಲು ನಿಕೊಟಿನ್, ತೀವ್ರವಾದ ನೋವಿಗೆ ಫೆಂಟನಿಲ್ ಪಟ್ಟಿಗಳು ಬಂದುವು.

ಈ ಪಟ್ಟಿಯು ಮೈಗೆ ಅಂಟಿಕೊಂಡಿರಬೇಕೆಂಬುದು ಹೇಳಬೇಕಾಗಿಲ್ಲದ ಮಾತೆಂದು ತೋರಬಹುದು. ಆದರೆ ಬಂಟವಾಳ ತಾಲೂಕಿನ ವಾಮದಪದವಿನಂತಹ ಊರಿನಲ್ಲಿ ನಿಂತು ಯೋಚಿಸಿದರೆ ಅದು ಸುಲಭವಲ್ಲವೆಂಬುದು ತಿಳಿಯುವುದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿಯೂ ಗಾಳಿಯ ತೇವದಿಂದಾಗಿ ಬೆವರು ಬೇಗನೆ ಆರುವುದಿಲ್ಲ. ಬೀಡಿಯನ್ನು ಬಿಡಲು ನಿಶ್ಚಯಿಸಿ ತೋಳಿಗೆ ನಿಕೊಟಿನ್ ಪಟ್ಟಿಯನ್ನು ಅಂಟಿಸಿಕೊಂಡ ತೋಟದ ಕೆಲಸಗಾರನೊಬ್ಬನನ್ನು ಊಹಿಸಿಕೊಳ್ಳೋಣ. ಮಳೆಗಾಲದ ಬಿಡುವಿನಲ್ಲಿ ಮೈಲುತುತ್ತಿನ ದ್ರಾವಣವನ್ನು ಸಿಂಪಡಿಸಲು ಅವನು ಅಡಕೆಮರವನ್ನು ತಬ್ಬಿ ಏರುತ್ತಾನೆ. ತೋಳು ಮಡಿಯುತ್ತದೆ, ಚಾಚುತ್ತದೆ, ಮರಕ್ಕೆ ಉಜ್ಜುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಅರ್ಧವು ಎದ್ದುಹೋಗಿದ್ದರೆ ಅವನಿಗಾಗುವ ನಷ್ಟವೇನು?

ಅಂಟೇ ಅಳತೆ

ಒಂದು ಬಗೆಯ ನಿಕೊಟಿನ್ ಪಟ್ಟಿಯು 10, 20, 30 ಚದರ ಸೆಂಟಿಮೀಟರ್ ಎಂಬ ಮೂರು ಗಾತ್ರಗಳಲ್ಲಿ ದೊರೆಯುವುದು. ಅವು ದಿನವೊಂದಕ್ಕೆ ಒಳಬಿಡುವ ನಿಕೊಟಿನ್ ಕ್ರಮವಾಗಿ 7, 14, 21 ಮಿಲ್ಲಿಗ್ರಾಂ. ಚರ್ಮವನ್ನು ಮುಟ್ಟುವ ವಿಸ್ತಾರವು ಎರಡರಷ್ಟಾದರೆ ಔಷಧವೂ ಎರಡರಷ್ಟಾಗುವುದು. ಗುಳಿಗೆಯ ಅಳತೆಯು ಅದರ ತೂಕದಲ್ಲಿದ್ದರೆ, ಪಟ್ಟಿಯ ಅಳತೆಯು ಅದು ಮುಟ್ಟಿಕೊಂಡಿರುವ ಜಾಗದಲ್ಲಿದೆ. ಆದುದರಿಂದ ಅರ್ಧ ಎದ್ದ ಪಟ್ಟಿಯೆಂದರೆ ಹೆಚ್ಚುಕಡಮೆ ಅರ್ಧ ನುಂಗಿದ ಗುಳಿಗೆಯೇ. ನಮ್ಮ ಕೆಲಸಗಾರನ ಕೈ ಸಂಜೆಗೆ ಮತ್ತೆ ಬೀಡಿಯ ಕಟ್ಟಿನ ಕಡೆಗೆ ಹೋದರೆ, ಅದಕ್ಕೆ ಅವನ ಮನಸ್ಸಿನ ದೌರ್ಬಲ್ಯವಲ್ಲ, ಅಂಟಿನ ದೌರ್ಬಲ್ಯವೇ ಕಾರಣವಾಗಿರಬಹುದು.

ದ್ರವವೂ ಹೌದು, ಘನವೂ ಹೌದು

ಎರಡು ವಸ್ತುಗಳ ಅಣುಗಳು ಪರಸ್ಪರ ಆಕರ್ಷಿಸುವುದು ಅವು ಬಹಳ ಸಮೀಪಕ್ಕೆ ಬಂದಾಗ ಮಾತ್ರ. ಮಿಲ್ಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಸಮೀಪಕ್ಕೆ. ನಮ್ಮ ಚರ್ಮವಾದರೋ ಗೆರೆ, ಗುಳಿ, ರೋಮಗಳಿಂದ ಕೂಡಿದ ಒರಟು ನೆಲ. ಅಂಟು ಆ ಗುಳಿಗಳಿಗೆ ದ್ರವದಂತೆ ಹರಿದು ತುಂಬಬೇಕು; ತುಂಬಿದ ಮೇಲೆ ಎಳೆತಕ್ಕೆ ಘನದಂತೆ ಎದುರುನಿಲ್ಲಬೇಕು. ನಿಧಾನವಾಗಿ ಒತ್ತಿದಾಗ ಹರಿದು, ತಟ್ಟನೆ ಎಳೆದಾಗ ಬಿಗಿಯುವ ಗುಣವುಳ್ಳ ಪದಾರ್ಥಗಳು ಈ ಕೆಲಸಕ್ಕೆ ತಕ್ಕವು. ಅವು ಎಷ್ಟು ಮೃದುವಾಗಿರಬೇಕೆಂಬುದನ್ನು ಅಮೆರಿಕದ ವಿಜ್ಞಾನಿ ಕಾರ್ಲ್ ಡಾಲ್‌ಕ್ವಿಸ್ಟ್ 1960ರ ದಶಕದಲ್ಲಿ ತೋರಿಸಿಕೊಟ್ಟರು: ಅಂಟಿನ ಸ್ಥಿತಿಸ್ಥಾಪಕತೆಯ ಗುಣಾಂಕವು ಸುಮಾರು ಮೂರು ಲಕ್ಷ ಪಾಸ್ಕಲ್‌ಗಿಂತ ಹೆಚ್ಚಾದರೆ ಅದು ಬರಿಯ ಒತ್ತಡಕ್ಕೆ ಅಂಟದು. ಪಟ್ಟಿಯನ್ನು ಹಚ್ಚಿದ ಮೇಲೆ ಅಂಗೈಯಿಂದ ಸ್ವಲ್ಪ ಹೊತ್ತು ಅದುಮಿ ಹಿಡಿಯಬೇಕೆಂಬ ಸೂಚನೆಯ ಹಿಂದಿನ ಕಾರಣವೂ ಇದೇ. ಹರಿಯಲು ಅಂಟಿಗೆ ಸಮಯವೂ ಬೆಚ್ಚನೆಯ ಒತ್ತಡವೂ ಬೇಕು.

ಇದನ್ನು ಕೆಡಿಸುವವು ಎರಡು: ಎಣ್ಣೆ ಮತ್ತು ನೀರು. ಹಲಸಿನಹಣ್ಣನ್ನು ಬಿಡಿಸುವ ಮುನ್ನ ಕೈಗೂ ಕತ್ತಿಗೂ ತೆಂಗಿನೆಣ್ಣೆಯನ್ನು ಸವರುವುದು ನಮ್ಮ ಮನೆಮನೆಯ ರೂಢಿ. ಎಣ್ಣೆಯ ತೆಳುಪೊರೆಯು ಮೇಣವನ್ನು ಕೈಗೆ ತಗಲದಂತೆ ದೂರವಿಡುವುದು. ಹಲಸಿನ ಮೇಣದಿಂದ ಕೈಯನ್ನು ಕಾಯುವ ಅದೇ ಎಣ್ಣೆಯು ತೋಳಿನ ಮೇಲಿದ್ದರೆ ಪಟ್ಟಿಯನ್ನು ಕಾಯದೆ ಬೀಳಿಸುತ್ತದೆ. ನೀರಿನ ಪೊರೆಯ ಕೆಲಸವೂ ಅಂತಹುದೇ. ಮಳೆಯ ನೀರು ಅಂಚಿನಿಂದ ಒಳನುಗ್ಗಿದರೆ ಬೆವರು ಅಡಿಯಿಂದಲೇ ಮೇಲೇಳುವುದು. ಮೇಲುಹೊದಿಕೆ ಆವಿಯನ್ನು ಬಿಡದಿದ್ದಲ್ಲಿ ಅದು ಪಟ್ಟಿಯ ಕೆಳಗೇ ಸೇರಿಕೊಳ್ಳುವುದು.

ಯಂತ್ರದ ಪರೀಕ್ಷೆ

ಪ್ರಯೋಗಶಾಲೆಯಲ್ಲಿ ಅಂಟಿಗೆ ಮುಖ್ಯವಾಗಿ ಮೂರು ಪರೀಕ್ಷೆಗಳುಂಟು. ಮೊದಲನೆಯದು, ಕ್ಷಣಮಾತ್ರ ಮುಟ್ಟಿದಾಗ ಹಿಡಿಯುವ ಶಕ್ತಿ: ಇಳಿಜಾರಿನಿಂದ ಉರುಳಿಬಿಟ್ಟ ಉಕ್ಕಿನ ಗುಂಡು ಅಂಟಿನ ಮೇಲೆ ಎಷ್ಟು ದೂರ ಓಡಿ ನಿಲ್ಲುವುದೆಂದು ನೋಡುವರು. ಎರಡನೆಯದು ಸುಲಿಯುವ ಬಲ: ಉಕ್ಕಿನ ಹಲಗೆಗೆ ಅಂಟಿಸಿದ ಪಟ್ಟಿಯನ್ನು 90 ಅಥವಾ 180 ಡಿಗ್ರಿ ಕೋನದಲ್ಲಿ, ಸಾಮಾನ್ಯವಾಗಿ ಮಿನಿಟಿಗೆ 300 ಮಿಲ್ಲಿಮೀಟರ್ ವೇಗದಲ್ಲಿ, ಸುಲಿದು ಬಲವನ್ನು ಅಳೆಯುವರು. ವೇಗ ಬದಲಾದರೆ ಬಲವೂ ಬದಲಾಗುವುದರಿಂದ ವೇಗವನ್ನು ನಿಗದಿಮಾಡುವುದು ಅವಶ್ಯಕ. ಮೂರನೆಯದು ಜಾರುವಿಕೆ: ಲಂಬವಾದ ಹಲಗೆಗೆ ಅಂಟಿಸಿದ ಪಟ್ಟಿಗೆ ತೂಕವನ್ನು ಕಟ್ಟಿ, ಎಷ್ಟು ಹೊತ್ತಿಗೆ ಜಾರಿ ಬೀಳುವುದೆಂದು ಕಾಯುವರು.

ಕೊನೆಯ ಎರಡರ ಭೇದವನ್ನು ವಾಚಕರು ಮನೆಯಲ್ಲಿಯೇ ನೋಡಬಹುದು. ಸಾಧಾರಣ ಪ್ಲಾಸ್ಟರಿನ ತುಂಡೊಂದನ್ನು ಸ್ಟೀಲ್ ತಟ್ಟೆಗೆ ಅಂಟಿಸಿ, ತಟ್ಟೆಗೆ ಸಮಾನಾಂತರವಾಗಿ ಎಳೆಯಿರಿ, ಸುಲಭವಾಗಿ ಬಾರದು. ಅಂಚನ್ನು ಮಡಿಸಿ ಹಿಂದಕ್ಕೆ ಎಳೆಯಿರಿ, ಸಲೀಸಾಗಿ ಏಳುವುದು. ಮೊದಲನೆಯ ಎಳೆತವನ್ನು ಇಡೀ ಪಟ್ಟಿಯು ಹಂಚಿಕೊಳ್ಳುತ್ತದೆ. ಎರಡನೆಯದರ ಭಾರವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ಮೈಯ ಮೇಲಿನ ಪಟ್ಟಿಯ ಸೋಲು ಅನೇಕ ಸಲ ಅಂಚಿನಲ್ಲಿಯೇ ಆರಂಭವಾಗಲು ಇದು ಕಾರಣ. ಚರ್ಮವು ಹಿಗ್ಗಿದಾಗ ಹಿಗ್ಗದ ಪಟ್ಟಿಯ ಅಂಚು ಮೊದಲು ಬಿಡುವುದು. ಬಟ್ಟೆಯ ಉಜ್ಜುವಿಕೆ ಉಳಿದುದನ್ನು ಮುಗಿಸುವುದು.

ಮೈಯ ಮೇಲಿನ ಪರೀಕ್ಷೆ

ಉಕ್ಕು ಬೆವರುವುದಿಲ್ಲ, ಮಡಿಯುವುದಿಲ್ಲ. ಆದುದರಿಂದ ಯಂತ್ರದ ಅಂಕಿಗಳಿಂದ ಒಂದು ಅಂಟನ್ನು ಇನ್ನೊಂದರೊಡನೆ ಹೋಲಿಸಬಹುದೇ ಹೊರತು, ಪಟ್ಟಿಯು ಮನುಷ್ಯನ ಮೇಲೆ ನಿಲ್ಲುವುದೇ ಎಂದು ಹೇಳಲಾಗದು. ಅದಕ್ಕಾಗಿ ಪಟ್ಟಿಯನ್ನು ಜನರಿಗೇ ಅಂಟಿಸಿ, ನಿಗದಿಯಾದ ವೇಳೆಗಳಲ್ಲಿ ಪರಿಶೀಲಿಸಿ, ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿಯುಂಟು. ಶೇಕಡ 90 ಅಥವಾ ಹೆಚ್ಚು ಭಾಗ ಅಂಟಿದ್ದರೆ 0. 75ರಿಂದ 90ರೊಳಗೆ 1. 50ರಿಂದ 75ರೊಳಗೆ 2. ಅರ್ಧಕ್ಕಿಂತ ಕಡಮೆಯಾದರೆ 3. ಪೂರ್ತಿ ಬಿದ್ದರೆ 4. ಇಲ್ಲಿ ಅಂಕ ಕಡಮೆಯಾದಷ್ಟೂ ಪಟ್ಟಿ ಉತ್ತಮ.

ಚಲನೆ ಮತ್ತು ತೇವಗಳ ಪರೀಕ್ಷೆಗೆ ಒಳ್ಳೆಯ ಉದಾಹರಣೆ, ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಪಡೆದ ಗರ್ಭನಿರೋಧಕ ಪಟ್ಟಿ. ವಾರವಿಡೀ ಮೈಮೇಲಿರಬೇಕಾದ ಈ ಪಟ್ಟಿಯನ್ನು ಧರಿಸಿದ ಸ್ತ್ರೀಯರನ್ನು ವ್ಯಾಯಾಮಯಂತ್ರದ ಮೇಲೆ ನಡೆಸಿ, ಬಿಸಿಕೋಣೆಯಲ್ಲಿ ಕೂರಿಸಿ, ತಣ್ಣೀರಿನಲ್ಲಿ ಮುಳುಗಿಸಿ ನೋಡಲಾಯಿತು. ಬಳಕೆಯ ಅಧ್ಯಯನಗಳಲ್ಲಿ ಧರಿಸಿದ 70,000ಕ್ಕೂ ಹೆಚ್ಚು ಪಟ್ಟಿಗಳಲ್ಲಿ ಪೂರ್ತಿ ಬಿದ್ದುದರಿಂದ ಬದಲಾಯಿಸಬೇಕಾದವು ಶೇಕಡ 1.8, ಭಾಗಶಃ ಎದ್ದುದರಿಂದ ಬದಲಾಯಿಸಬೇಕಾದವು ಶೇಕಡ 2.9. ಎಚ್ಚರಿಕೆಯಿಂದ ರಚಿಸಿದ ಅಂಟು ನೀರಿಗೂ ಚಲನೆಗೂ ತಡೆದೀತೆಂಬುದಕ್ಕೆ ಇದು ಸಾಕ್ಷಿ. ಆದರೆ ಬಿಸಿಕೋಣೆಯಲ್ಲಿ ಕೆಲವು ನಿಮಿಷ ಕುಳಿತೇಳುವುದು ಬೇರೆ, ಜುಲೈ ತಿಂಗಳಲ್ಲಿ ದಿನವಿಡೀ ತೋಟದಲ್ಲಿ ದುಡಿಯುವುದು ಬೇರೆ. ಪರೀಕ್ಷೆಯು ಯಾರಿಗಾಗಿಯೋ ಅವರ ಹವೆ, ಅವರ ಕೆಲಸ ಎರಡೂ ಅದರಲ್ಲಿ ಸೇರಿರುವುದು ನ್ಯಾಯ.

ಬಿದ್ದ ಪಟ್ಟಿಯಿಂದ ರೋಗಿಗೆ ಮಾತ್ರವೇ ಅಪಾಯವೆನ್ನುವಂತಿಲ್ಲ. ಬಳಸಿದ ಪಟ್ಟಿಯಲ್ಲಿಯೂ ಔಷಧ ಉಳಿದಿರುವುದು. ಬಿದ್ದ ಫೆಂಟನಿಲ್ ಪಟ್ಟಿಗಳು ಮಕ್ಕಳ ಕೈಸೇರಿ ಸಾವುಗಳು ಸಂಭವಿಸಿರುವುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2012ರಲ್ಲಿ ಜನರಿಗೆ ಎಚ್ಚರಿಕೆಯನ್ನಿತ್ತಿತು.

ಪಟ್ಟಿಯನ್ನು ಬಳಸುವವರು ಗಮನಿಸಬೇಕಾದುವು ಕೆಲವೇ. ಚರ್ಮವನ್ನು ತೊಳೆದು ಪೂರ್ತಿಯಾಗಿ ಒಣಗಿಸಬೇಕು. ಅಲ್ಲಿ ಎಣ್ಣೆಯಾಗಲಿ ಪೌಡರಾಗಲಿ ಇರಬಾರದು. ಸೂಚನೆಯಲ್ಲಿ ಹೇಳಿದ ಭಾಗಗಳಲ್ಲಿ ಕಡಮೆ ಮಡಿಯುವ, ಕಡಮೆ ಉಜ್ಜುವ ಜಾಗವನ್ನು ಆರಿಸಬೇಕು. ಮಧ್ಯೆ ಮಧ್ಯೆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಪಟ್ಟಿ ಎದ್ದಿದ್ದರೆ, ಮೇಲೊಂದು ಪ್ಲಾಸ್ಟರನ್ನು ಹಚ್ಚುವ ಮೊದಲು ವೈದ್ಯರನ್ನೋ ಔಷಧದಂಗಡಿಯವರನ್ನೋ ಕೇಳಬೇಕು. ಆಗ ದಿನದಲ್ಲಿ ತಾವು ಮಾಡುವ ಕೆಲಸವನ್ನೂ ಅವರಿಗೆ ತಿಳಿಸಬೇಕು. ಮರವೇರುವವನಿಗೂ ಮೇಜಿನ ಮುಂದೆ ಕೂರುವವನಿಗೂ ಔಷಧ ಒಂದೇ ಆಗಿರಬಹುದು; ಅಂಟಿನ ಪಾಲಿಗೆ ಅವರಿಬ್ಬರೂ ಒಂದೇ ಅಲ್ಲ.