ಒಂದೇ ಗಾಳಿಗೆ ಎರಡು ತಲೆಮಾರು

ಬಹುತೇಕ ಕ್ರೀಡೆಗಳು ವಯಸ್ಸಿನ ಬೇಲಿಯೊಳಗೆ ನಡೆಯುತ್ತವೆ. ಜಮಖಂಡಿ, ಮುಧೋಳ ಸೀಮೆಯ ಕುಸ್ತಿ ಕಣದಲ್ಲಿ ಜೋಡಿ ಹಚ್ಚುವ ಹಿರಿಯರು ಪೈಲ್ವಾನರ ತೂಕವನ್ನೂ ಪ್ರಾಯವನ್ನೂ ಕಣ್ಣಳತೆಯಲ್ಲೇ ತೂಗಿ ನೋಡಿ, ಸರಿಸಮನಾದವರನ್ನೇ ಎದುರುಬದುರು ನಿಲ್ಲಿಸುತ್ತಾರೆ. ಜಾತ್ರೆಯ ಎತ್ತುಗಳ ಸ್ಪರ್ಧೆಗಳಲ್ಲಿಯೂ ಹಲ್ಲು ನೋಡಿ ವಿಭಾಗ ಮಾಡುವ ರೂಢಿಯುಂಟು. ಗೆಲುವನ್ನು ನಿರ್ಧರಿಸುವುದು ಮೈಯ ಕಸುವೇ ಆಗಿರುವಲ್ಲಿ ಈ ಕ್ರಮ ನ್ಯಾಯವಾದುದೇ. ಆದರೆ ಕಸುವು ಸ್ಪರ್ಧಿಯದಾಗಿರದೆ ಗಾಳಿಯದಾಗಿರುವ ಆಟವೊಂದಿದೆ. ಸಣ್ಣ ಹಾಯಿದೋಣಿಗಳ ಪಂದ್ಯದಲ್ಲಿ ಹನ್ನೆರಡರ ಹುಡುಗಿಯೂ ಐವತ್ತು ದಾಟಿದ ಗೃಹಸ್ಥನೂ ಒಂದೇ ಗೆರೆಯಿಂದ, ಒಂದೇ ಗಾಳಿಗೆ ಹೊರಡುವುದು ಜಗತ್ತಿನ ಅನೇಕ ಸರೋವರಗಳಲ್ಲಿ ಸಾಮಾನ್ಯವಾಗಿ ಕಾಣುವ ನೋಟ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಈ ಆಟ ಇನ್ನೂ ಬೇರೂರಿಲ್ಲವಾದರೂ, ಅದು ಬೇರೂರಲು ಬೇಕಾದ ನೀರು, ಗಾಳಿ, ಕೈಕಸುಬು ಮೂರೂ ಅಲ್ಲಿರುವುದರಿಂದ, ಅದರ ಸ್ವರೂಪವನ್ನು ಈ ಭಾಗದ ಓದುಗರು ತಿಳಿಯುವುದು ಅಗತ್ಯ.

ಒಬ್ಬರು ಅಥವಾ ಇಬ್ಬರು ಕೂರುವ, ಎಂಜಿನ್ ಇಲ್ಲದ, ಮೇಲೆ ಮುಚ್ಚಳವಿಲ್ಲದ ಪುಟ್ಟ ಹಾಯಿದೋಣಿಗೆ ಡಿಂಗಿ ಎನ್ನುತ್ತಾರೆ. ಅದರ ಮುಂಭಾಗದಲ್ಲಿ ನಿಂತ ಕೂವೆಮರಕ್ಕೆ ಹಾಯಿಯನ್ನು ಕಟ್ಟಿರುತ್ತಾರೆ. ಹಿಂಬದಿಯಲ್ಲಿ ದಿಕ್ಕು ತಿರುಗಿಸುವ ಚುಕ್ಕಾಣಿ ಇರುತ್ತದೆ. ದೋಣಿಯ ನಡುವಿನ ಸೀಳಿನಿಂದ ನೀರಿನೊಳಕ್ಕೆ ಒಂದು ಹಲಗೆಯನ್ನು ಇಳಿಬಿಟ್ಟಿರುತ್ತಾರೆ. ಹಾಯಿದೋಣಿಯು ಗಾಳಿ ತಳ್ಳಿದ ಕಡೆಗಷ್ಟೇ ಹೋಗುತ್ತದೆಂಬ ಸಾಮಾನ್ಯ ತಿಳಿವಳಿಕೆಯನ್ನು ಸುಳ್ಳು ಮಾಡುವುದು ಈ ಹಲಗೆಯೇ. ಬಾಗಿದ ಹಾಯಿಯ ಎರಡು ಮಗ್ಗುಲಲ್ಲಿ ಗಾಳಿ ಹರಿಯುವಾಗ ವಿಮಾನದ ರೆಕ್ಕೆಯ ಮೇಲೆ ಹುಟ್ಟುವಂಥದೇ ಒಂದು ಸೆಳೆತ ಹುಟ್ಟುತ್ತದೆ. ಆ ಸೆಳೆತ ದೋಣಿಯನ್ನು ಪಕ್ಕಕ್ಕೆ ಜಾರಿಸಲು ನೋಡಿದರೆ, ನೀರೊಳಗಿನ ಹಲಗೆ ಅದನ್ನು ತಡೆದು ಬಲವನ್ನು ಮುಂದಕ್ಕೆ ತಿರುಗಿಸುತ್ತದೆ. ಹೀಗಾಗಿ ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ದೋಣಿ ಮುನ್ನುಗ್ಗಬಲ್ಲುದು. ಘಟ್ಟದ ರಸ್ತೆ ಬಳಸಿ ಬಳಸಿ ಏರುವಂತೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತ ಅದು ಗಾಳಿಯ ಮೂಲದ ಕಡೆಗೇ ಏರುತ್ತದೆ. ಹೀಗೆ ಮಗ್ಗುಲು ಬದಲಿಸುವುದಕ್ಕೆ ಟ್ಯಾಕ್ ಎಂದು ಹೆಸರು. ಪಂದ್ಯದ ದಾರಿಯನ್ನು ನೀರಿನ ಮೇಲೆ ತೇಲುವ ಗುರುತುಗಳಿಂದ ಹಾಕಿರುತ್ತಾರೆ, ಮತ್ತು ಅದರ ಮೊದಲ ಭಾಗ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇರುತ್ತದೆ, ಏಕೆಂದರೆ ಜಾಣ್ಮೆಯ ನಿಜವಾದ ಪರೀಕ್ಷೆ ಆಗುವುದು ಅಲ್ಲಿ.

ಹಾಯಿಯ ಬಟ್ಟೆಯ ಮರ್ಮವನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ವಿವರಿಸಿ ಹೇಳಬೇಕಿಲ್ಲ. ಹಾಸು ಮತ್ತು ಹೊಕ್ಕಿನ ನೂಲುಗಳ ಉದ್ದಕ್ಕೆ ಹಿಡಿದು ಜಗ್ಗಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಜಗ್ಗಿದರೆ ಹಿಗ್ಗಿ ಆಕಾರ ಕೆಡುತ್ತದೆ ಎಂಬುದು ಮಗ್ಗದ ಮನೆಯ ಮಕ್ಕಳಿಗೂ ಗೊತ್ತಿರುವ ಮಾತು. ಹಾಯಿ ಹೊಲಿಯುವವರ ಮುಖ್ಯ ತೊಡಕು ಇದೇ. ಹತ್ತಿ ಬಟ್ಟೆಯ ಹಾಯಿಗಳು ಒದ್ದೆಯಾಗಿ, ಹಿಗ್ಗಿ, ಜೋತುಬಿದ್ದು ಗಾಳಿಯನ್ನು ಸೋರಿಸುತ್ತಿದ್ದ ಕಾರಣ ಇಪ್ಪತ್ತನೆಯ ಶತಮಾನದ ನಡುಗಾಲದಿಂದೀಚೆಗೆ ಒತ್ತಾಗಿ ನೇಯ್ದು ಗಂಜಿಯಂಥ ರಾಳವನ್ನು ಕೂಡಿಸಿದ ಪಾಲಿಯೆಸ್ಟರ್ ಬಟ್ಟೆ ಬಳಕೆಗೆ ಬಂದಿತು. ಡೇಕ್ರಾನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಬಟ್ಟೆಯ ಪಟ್ಟಿಗಳನ್ನು, ಗಾಳಿಯ ಬಲ ಬೀಳುವ ಕಡೆಗೆ ನೂಲಿನ ದಿಕ್ಕು ಹೊಂದುವಂತೆ ಜೋಡಿಸಿ ಹೊಲಿದಾಗ, ಹಾಯಿಗೆ ಬೇಕಾದ ಸಣ್ಣ ಬಾಗು ಕೆಡದೆ ಉಳಿಯುತ್ತದೆ.

ಇಂಥ ದೋಣಿಯನ್ನು ಓಡಿಸುವಾಗ ವಯಸ್ಸಿನ ಅಂತರ ಏಕೆ ಕರಗುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಾಳಿ ಬಲವಾಗಿ ಬೀಸಿದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಲು ಓಡಿಸುವವರು ಕಾಲುಗಳನ್ನು ಪಟ್ಟಿಗೆ ಸಿಕ್ಕಿಸಿಕೊಂಡು ಇಡೀ ಮೈಯನ್ನು ದೋಣಿಯ ಆಚೆಗೆ, ನೀರಿನ ಮೇಲಕ್ಕೆ ಚಾಚುತ್ತಾರೆ. ಆಗ ಹಿರಿಯರ ತೂಕ ಅವರಿಗೆ ಲಾಭ. ಗಾಳಿ ಮೆಲ್ಲಗಾದಾಗ ಅದೇ ತೂಕ ದೋಣಿಯನ್ನು ನೀರಿನಲ್ಲಿ ಕುಗ್ಗಿಸುತ್ತದೆ, ಹಗುರ ಮೈಯ ಹುಡುಗರು ಎಲೆಯಂತೆ ಮುಂದೆ ತೇಲಿ ಹೋಗುತ್ತಾರೆ. ಇದಕ್ಕಿಂತ ದೊಡ್ಡದು ಗಾಳಿಯನ್ನು ಓದುವ ವಿದ್ಯೆ. ಗಾಳಿಗೆ ಬಣ್ಣವಿಲ್ಲ, ಆದರೆ ಅದು ನೀರಿನ ಮೈಮೇಲೆ ಓಡುವಾಗ ಅಲ್ಲಲ್ಲಿ ಕಪ್ಪಾದ ಸುಕ್ಕುಗಳನ್ನು ಎಬ್ಬಿಸುತ್ತದೆ; ಆ ಸುಕ್ಕು ಬರುವ ಕಡೆಯನ್ನು ಮೊದಲೇ ಕಂಡವರು ಟ್ಯಾಕ್ ಮಾಡಿ ಆ ಬೀಸಿಗೆ ಸಿಕ್ಕುತ್ತಾರೆ, ಕಾಣದವರು ಹಿಂದುಳಿಯುತ್ತಾರೆ. ಕಣದಲ್ಲಿ ಮೊರ ಎತ್ತಿ ನಿಂತು, ಕೆನ್ನೆಗೆ ತಾಗಿದ ಗಾಳಿಯ ಅಂದಾಜಿನ ಮೇಲೆ ರಾಶಿ ತೂರುತ್ತಿದ್ದ ರೈತನ ಅರಿವು ಈ ಜಾತಿಯದೇ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹಾಯಿದೋಣಿಯ ಮಟ್ಟಿಗೆ ಅಕ್ಷರಶಃ ನಿಜ. ಈ ಅರಿವು ಹಿರಿಯರಲ್ಲಿ ವರ್ಷಗಳ ರೂಢಿಯಿಂದ ಹೆಚ್ಚುತ್ತದೆ, ಕಿರಿಯರಲ್ಲಿ ಚುರುಕುಗಣ್ಣಿನಿಂದ ಹುಟ್ಟುತ್ತದೆ. ಯಾವುದು ಮೇಲೆಂದು ಮುಂಚಿತವಾಗಿ ಹೇಳಬರುವುದಿಲ್ಲ.

ಆದರೂ ದೋಣಿಗಳೇ ಬೇರೆಬೇರೆಯಾಗಿದ್ದರೆ ಪಂದ್ಯ ಸಮವಾಗುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಇದಕ್ಕೆ ಆಟದವರು ಕಂಡುಕೊಂಡ ಉತ್ತರಗಳು ಮೆಚ್ಚುವಂಥವು. ಮೊದಲನೆಯದು ಒಂದೇ ದೋಣಿಗೆ ಹಲವು ಹಾಯಿ. ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ ಲೇಸರ್ ದೋಣಿ, ಇಂದಿನ ಹೆಸರಿನಲ್ಲಿ ಐಎಲ್‌ಸಿಎ, ಸುಮಾರು 4.2 ಮೀಟರ್ ಉದ್ದದ್ದು. ಅದೇ ಒಡಲಿಗೆ 4.7 ಚದರ ಮೀಟರಿನ ಹಾಯಿ ಕಟ್ಟಿದರೆ ಎಳೆಯರಿಗೆ, ಸುಮಾರು 5.8ರದು ಕಟ್ಟಿದರೆ ಯುವಕರಿಗೆ ಮತ್ತು ಮಹಿಳೆಯರಿಗೆ, ಸುಮಾರು 7ರದು ಕಟ್ಟಿದರೆ ಪೂರ್ಣ ಬೆಳೆದ ಗಂಡಸರಿಗೆ ಹೊಂದುತ್ತದೆ. ಎರಡನೆಯದು ಹಿರಿಯರೂ ಕಿರಿಯರೂ ಒಂದೇ ದೋಣಿಯಲ್ಲಿ ಕೂರುವುದು. 1962ರಲ್ಲಿ ಬ್ರಿಟನ್ನಿನ ಒಂದು ದಿನಪತ್ರಿಕೆಯ ಬೆಂಬಲದಿಂದ ಹೊರಬಂದ ಮಿರರ್ ದೋಣಿಯನ್ನು, ಪ್ಲೈವುಡ್ ತುಂಡುಗಳಿಗೆ ತೂತು ಹಾಕಿ ತಾಮ್ರದ ತಂತಿಯಿಂದ ಹೊಲಿದು ಅಂಟು ಬಳಿದು ಮನೆಯಂಗಳದಲ್ಲೇ ಕಟ್ಟಬಹುದಾಗಿತ್ತು. ತಂದೆಯೋ ತಾಯಿಯೋ ಚುಕ್ಕಾಣಿ ಹಿಡಿದು ಮಗು ಮುಂದಿನ ಪುಟ್ಟ ಹಾಯಿಯನ್ನು ನೋಡಿಕೊಳ್ಳುವುದಕ್ಕೆ ಅದು ಹೇಳಿಮಾಡಿಸಿದ ದೋಣಿ. ಮಗು ಬಲಿತ ಮೇಲೆ ಜಾಗ ಅದಲುಬದಲು.

ಮೂರನೆಯ ಉತ್ತರ ಗಣಿತದ್ದು. ಬ್ರಿಟನ್ನಿನಲ್ಲಿ ರೂಪುಗೊಂಡ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಎಂಬ ಪದ್ಧತಿಯಲ್ಲಿ ಪ್ರತಿ ಬಗೆಯ ದೋಣಿಗೂ ಅದರ ವೇಗಕ್ಕೆ ತಕ್ಕ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ದೋಣಿ ನಿಧಾನವಾದಷ್ಟೂ ಸಂಖ್ಯೆ ದೊಡ್ಡದು. ದೊಡ್ಡ ಹಾಯಿಯ ಲೇಸರ್‌ಗೆ ಅದು ಸುಮಾರು 1100, ಮಕ್ಕಳ ಆಪ್ಟಿಮಿಸ್ಟ್ ದೋಣಿಗೆ ಸುಮಾರು 1640. ಓಡಿದ ಸಮಯವನ್ನು ಸಾವಿರದಿಂದ ಗುಣಿಸಿ ಈ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಲೆಕ್ಕಕ್ಕೆ ಹಿಡಿಯುವ ಸಮಯ. ಲೇಸರ್‌ನಲ್ಲಿ ಹೊರಟ ತಂದೆ 44 ನಿಮಿಷಕ್ಕೆ ಗುರಿ ಮುಟ್ಟಿದರೆ ಅವನ ಲೆಕ್ಕ 40 ನಿಮಿಷ. ಅವನಿಗಿಂತ 20 ನಿಮಿಷ ತಡವಾಗಿ, 64ನೆಯ ನಿಮಿಷಕ್ಕೆ ಆಪ್ಟಿಮಿಸ್ಟ್‌ನಲ್ಲಿ ಬಂದ ಮಗಳ ಲೆಕ್ಕ 39 ನಿಮಿಷ. ತಂದೆ ದಡಕ್ಕೆ ಬಂದು ಹಾಯಿ ಮಡಚುತ್ತಿರುವಾಗ ಗೆದ್ದವಳು ಇನ್ನೂ ನೀರಿನ ಮೇಲೆಯೇ ಇರುತ್ತಾಳೆ. ಇದು ಕಿರಿಯರಿಗೆ ತೋರಿದ ರಿಯಾಯಿತಿಯಲ್ಲ. ದೋಣಿಯ ವೇಗವನ್ನು ಕಳೆದು ಓಡಿಸುವವರ ಜಾಣ್ಮೆಯನ್ನಷ್ಟೇ ಉಳಿಸಿಕೊಳ್ಳುವ ಅಳತೆ.

ನೀರಿನ ಮೇಲಿನ ನಿಯಮಗಳಲ್ಲಿಯೂ ಹಿರಿಯ, ಕಿರಿಯ ಎಂಬ ಭೇದವಿಲ್ಲ. ಎಡಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಯು ಬಲಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಲೇಬೇಕು. ದಾರಿ ಕೇಳುವವಳು ಶಾಲೆಯ ಹುಡುಗಿಯಾಗಿ, ಬಿಡಬೇಕಾದವರು ಆಕೆಯ ಶಾಲೆಯ ಗುರುಗಳೇ ಆಗಿದ್ದರೂ ನಿಯಮ ಬದಲಾಗದು. ಸಾಮಾನ್ಯ ಪಂದ್ಯಗಳಲ್ಲಿ ಪ್ರತಿ ದೋಣಿಯ ಹಿಂದೆ ಪಂಚರು ಇರುವುದಿಲ್ಲ. ತಪ್ಪಿದವರು ತಾವಾಗಿಯೇ ಎರಡು ಸುತ್ತು ತಿರುಗಿ ದಂಡ ತೆರುತ್ತಾರೆ, ಒಪ್ಪದಿದ್ದರೆ ಎದುರಾಳಿ ತಕರಾರು ಹೂಡಬಹುದು, ಆಗ ದಡದಲ್ಲಿ ಸಮಿತಿಯೊಂದು ಇಬ್ಬರ ಮಾತನ್ನೂ ಕೇಳಿ ತೀರ್ಪು ಕೊಡುತ್ತದೆ. ದೊಡ್ಡವರ ಎದುರು ತಲೆ ತಗ್ಗಿಸಿ ನಿಲ್ಲುವುದನ್ನೇ ವಿನಯವೆಂದು ಕಲಿಸುವ ಸಮಾಜದಲ್ಲಿ, ಹದಿಮೂರರ ಮಗುವೊಂದು ಹಿರಿಯರ ಎದುರು ಕುಳಿತು ನಡೆದುದನ್ನು ಅಂಜದೆ ಹೇಳುವುದೂ, ಹಿರಿಯರು ತಪ್ಪನ್ನು ಒಪ್ಪಿಕೊಳ್ಳುವುದೂ ಸಣ್ಣ ಶಿಕ್ಷಣವಲ್ಲ. ಈ ಆಟದ ಅತ್ಯಂತ ಬೆಲೆಯುಳ್ಳ ಭಾಗ ಇದೇ ಎಂದರೆ ತಪ್ಪಾಗದು.

ಅತ್ಯುನ್ನತ ಮಟ್ಟದಲ್ಲಿಯೂ ತಲೆಮಾರುಗಳ ಈ ಬೆಸುಗೆ ಕಾಣುತ್ತದೆ. 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 56ನೆಯ ವಯಸ್ಸಿನಲ್ಲಿ ಮಗಳು ಟ್ರಿನೆಯೊಂದಿಗೆ ಒಂದೇ ದೋಣಿಯಲ್ಲಿ ಸ್ಪರ್ಧಿಸಿ ನಾಲ್ಕನೆಯ ಸ್ಥಾನ ಪಡೆದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾದ ಸ್ಯಾಂಟಿಯಾಗೊ ಲಾಂಗೆ 54ರ ಪ್ರಾಯದಲ್ಲಿ, ಹಿಂದಿನ ವರ್ಷವಷ್ಟೇ ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೂ, 29ರ ಸೆಸಿಲಿಯಾ ಕರಾಂಜಾ ಅವರೊಂದಿಗೆ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಅವರ ಇಬ್ಬರು ಗಂಡುಮಕ್ಕಳೂ ಮತ್ತೊಂದು ವಿಭಾಗದಲ್ಲಿ ಸ್ಪರ್ಧಿಸಿದ್ದರು.

ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಇವುಗಳಿಗಿಂತ ಹತ್ತಿರವಾದ ಉದಾಹರಣೆ ನೇಹಾ ಠಾಕೂರ್ ಅವರದು. ಮಧ್ಯಪ್ರದೇಶದ ದೇವಾಸ್ ಜಿಲ್ಲೆಗೆ ಕಡಲೇ ಇಲ್ಲ. ಅಲ್ಲಿನ ಹಳ್ಳಿಯೊಂದರ ರೈತನ ಮಗಳಾದ ನೇಹಾ, ಭೋಪಾಲದ ದೊಡ್ಡ ಕೆರೆಯ ದಂಡೆಯಲ್ಲಿರುವ ರಾಷ್ಟ್ರೀಯ ಸೇಲಿಂಗ್ ಶಾಲೆಯಲ್ಲಿ ಕಲಿತು, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತಮ್ಮ 17ನೆಯ ವಯಸ್ಸಿನಲ್ಲಿ ಐಎಲ್‌ಸಿಎ-4 ಎಂಬ, 4.7 ಚದರ ಮೀಟರ್ ಹಾಯಿಯ ದೋಣಿಯ ವಿಭಾಗದ ಬೆಳ್ಳಿ ಪದಕ ಗೆದ್ದರು. ಹಾಯಿದೋಣಿಯಲ್ಲಿ ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2 ಎಂದು ಲೆಕ್ಕ ಹಾಕಿ, ಅತ್ಯಂತ ಕೆಟ್ಟ ಓಟವೊಂದನ್ನು ಬಿಟ್ಟು, ಕಡಿಮೆ ಅಂಕದವರನ್ನು ಗೆದ್ದವರೆನ್ನುತ್ತಾರೆ. ಹನ್ನೊಂದು ಓಟಗಳಲ್ಲಿ ನೇಹಾ ಪಡೆದ 32 ಅಂಕಗಳಲ್ಲಿ 5 ಕಳೆದು 27 ಉಳಿದವು. ಅದೇ ಕೂಟದಲ್ಲಿ ಭಾರತೀಯ ಸೇನೆಯ ವಿಷ್ಣು ಸರವಣನ್ ಅದೇ ಒಡಲಿನ, ದೊಡ್ಡ ಹಾಯಿಯ ದೋಣಿಯಲ್ಲಿ ಕಂಚು ಗೆದ್ದರು. ಹೈದರಾಬಾದಿನ ಹುಸೇನ್ ಸಾಗರದಲ್ಲಿಯೂ ಬಡಕುಟುಂಬಗಳ ಮಕ್ಕಳು ಈ ಆಟ ಕಲಿತು ರಾಷ್ಟ್ರಮಟ್ಟಕ್ಕೆ ಏರಿದ್ದಾರೆ. ಕರ್ನಾಟಕದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಬೆಂಗಳೂರಿನ ಹಲಸೂರು ಕೆರೆಯಲ್ಲಿ ಇದನ್ನು ಬಹುಕಾಲದಿಂದ ಉಳಿಸಿಕೊಂಡು ಬಂದಿದ್ದಾರೆ. ಉತ್ತರ ಕರ್ನಾಟಕದ ಪಾಲಿಗೆ ಮಾತ್ರ ಅದು ದೂರದ ಸುದ್ದಿಯಾಗಿಯೇ ಉಳಿದಿದೆ.

ಹಾಗೆ ಉಳಿಯಬೇಕಾದ ಕಾರಣವೇನೂ ಇಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು 519.60 ಮೀಟರ್ ಮಟ್ಟಕ್ಕೆ ನಿಂತಾಗ, ಬೀಳಗಿ ತಾಲೂಕಿನ ಅಂಚಿನ ಹೊಲಗಳನ್ನು ನುಂಗಿದ ಹಿನ್ನೀರು ಕೊರ್ತಿ-ಕೋಲ್ಹಾರ ಸೇತುವೆಯ ಎರಡೂ ಕಡೆ ಕಣ್ಣು ಹಾಯುವವರೆಗೆ ಹರಡುತ್ತದೆ. ಸುತ್ತ ಬಯಲುಸೀಮೆಯಾದ್ದರಿಂದ ಗಾಳಿಗೆ ಅಡ್ಡ ಬರುವ ಬೆಟ್ಟಗಳು ಕಡಿಮೆ. ಹೊಲಮನೆ ಕಳೆದುಕೊಂಡವರ ನೋವು ಈ ನೀರಿನಡಿಯಲ್ಲಿದೆ ಎಂಬುದನ್ನು ಮರೆಯುವಂತಿಲ್ಲ; ಅವರ ಮಕ್ಕಳು ಮೊಮ್ಮಕ್ಕಳಿಗೆ ಆ ನೀರಿನಿಂದ ಒಂದಿಷ್ಟು ಸಂತೋಷವೂ ದೊರೆಯಲೆಂದು ಬಯಸುವುದು ಅದಕ್ಕಾಗಿಯೇ.

ಎಚ್ಚರವೂ ಅಷ್ಟೇ ಬೇಕು. ಜುಲೈ, ಆಗಸ್ಟ್ ತಿಂಗಳ ಪಡುವಣ ಗಾಳಿ ಹಾಯಿಗೆ ಎಷ್ಟೇ ಒಳ್ಳೆಯದಾದರೂ, ಮಹಾರಾಷ್ಟ್ರದ ಕಡೆಯಿಂದ ಕೃಷ್ಣೆಗೆ ನೆರೆ ಬರುವ ಕಾಲವೂ ಅದೇ ಆಗಿರುವುದರಿಂದ, ನೆರೆ ಇಳಿದು ನೀರು ನಿಂತ ಮೇಲಿನ ಮೆಲುಗಾಳಿಯ ತಿಂಗಳುಗಳೇ ಕಲಿಯುವವರಿಗೆ ತಕ್ಕವು. ಹಿನ್ನೀರಿನಲ್ಲಿ ಮುಳುಗಿದ ಮರಗಳೂ ಮೀನಿನ ಬಲೆಗಳೂ ಇರುತ್ತವೆ, ಕೃಷ್ಣೆಯಲ್ಲಿ ಮೊಸಳೆಗಳಿವೆ. ಸ್ಥಳದ ಗುಣವನ್ನು ಬಲ್ಲ ಅಂಬಿಗರ ಮಾತು ಕೇಳದೆ ಜಾಗ ಆರಿಸುವುದಾಗಲಿ, ಮೈಗೆ ತೇಲುಕವಚ ಕಟ್ಟದೆ ಮತ್ತು ಕಾವಲಿಗೆ ಮೋಟಾರು ದೋಣಿ ಇಲ್ಲದೆ ಮಕ್ಕಳನ್ನು ನೀರಿಗಿಳಿಸುವುದಾಗಲಿ ಸಲ್ಲದು.

ದುಡ್ಡಿನ ಮಾತು ಬಂದಾಗ ಎರಡು ಸಂಗತಿಗಳನ್ನು ನೆನೆಯಬಹುದು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರು ತಮ್ಮದೇ ಹಣ, ತಮ್ಮದೇ ದುಡಿಮೆಯಿಂದ ಕೃಷ್ಣೆಗೆ ಬ್ಯಾರೇಜ್ ಕಟ್ಟಿ, 1989ರಲ್ಲಿ ‘ಶ್ರಮಬಿಂದು ಸಾಗರ’ವನ್ನು ತುಂಬಿಸಿದರು. ಇನ್ನೊಂದು, ಇಂದು ಜಗತ್ತಿನಾದ್ಯಂತ 15ರೊಳಗಿನ ಮಕ್ಕಳು ಓಡಿಸುವ ಆಪ್ಟಿಮಿಸ್ಟ್ ದೋಣಿಯ ಹುಟ್ಟು. 1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ, ಬಡವರ ಮನೆಯ ಮಕ್ಕಳಿಗೂ ಎಟುಕುವಂತಿರಬೇಕೆಂದು ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕಟ್ಟುವವನು ಅದನ್ನು ರೂಪಿಸಿದ. ಉದ್ದ 2.3 ಮೀಟರ್, ಒಂದೇ ಹಾಯಿ; ಕಟ್ಟಲು ಬೇಕಾದದ್ದು ಎರಡು ಹಾಳೆ ಪ್ಲೈವುಡ್, ಒಂದಿಷ್ಟು ಮರ, ಒಬ್ಬ ಬಡಗಿ ಮತ್ತು ಒಂದು ತುಂಡು ಬಿಗಿಯಾದ ಬಟ್ಟೆ.